ಮಕ್ಕಳ ನಿದ್ದೆಯೂ ನಮ್ಮ ಮಾತೂ: ತೊಟ್ಟಿಲಿನಿಂದ ಹದಿಹರೆಯದವರೆಗೆ

ನಿದ್ದೆಯನ್ನು ಕುರಿತ ಕನ್ನಡದ ಪದಗಳನ್ನು ಒಂದೆಡೆ ಕೂಡಿಸಿ ನೋಡಿದರೆ, ಮಲಗಿದವರನ್ನು ನಮ್ಮ ಹಿರಿಯರು ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದರೆಂಬುದು ತಿಳಿಯುತ್ತದೆ. ಜೊಂಪು, ಮಂಪರು, ತೂಕಡಿಕೆ, ಅರೆನಿದ್ದೆ, ಕೋಳಿನಿದ್ದೆ, ಸವಿನಿದ್ದೆ, ಗಾಢನಿದ್ದೆ, ನಿದ್ದೆಗಣ್ಣು, ಕನವರಿಕೆ – ಇವು ಒಂದೇ ಸ್ಥಿತಿಯ ಪರ್ಯಾಯ ಹೆಸರುಗಳಲ್ಲ. ಒಂದೊಂದೂ ನಿದ್ದೆಯ ಒಂದೊಂದು ಮಜಲನ್ನು ಹೇಳುತ್ತದೆ. ‘ನಿದ್ದೆ’ಯು ಸಂಸ್ಕೃತದ ನಿದ್ರೆಯಿಂದ ಬಂದ ತದ್ಭವವೆಂಬುದು ನಮಗೆಲ್ಲ ಪರಿಚಿತ. ದೇಶ್ಯವಾದ ಪದ ನಮ್ಮಲ್ಲಿ ಇಲ್ಲವೆಂದಲ್ಲ. ಇಂದಿನ ಗ್ರಾಂಥಿಕ ಕನ್ನಡದಲ್ಲಿ ಆನಿಕೊಳ್ಳುವುದನ್ನಷ್ಟೇ ಸೂಚಿಸುವ ‘ಒರಗು’ ಎಂಬ ಧಾತು ಹವ್ಯಕರ ಮನೆಮಾತಿನಲ್ಲಿ ಇಂದಿಗೂ ಮಲಗಿ ನಿದ್ರಿಸುವುದನ್ನೇ ಹೇಳುತ್ತದೆ. ಅವರಿಗೆ ನಿದ್ದೆಯೆಂದರೆ ‘ಒರಕ್ಕು’. ನೆರೆಯ ಮಲೆಯಾಳದ ‘ಉರಕ್ಕಂ’ ಇದರ ಒಡಹುಟ್ಟು. ತೊಟ್ಟಿಲು ‘ತೂಗು’ವ ಕನ್ನಡದ ಧಾತುವೇ ತಮಿಳಿನಲ್ಲಿ ‘ತೂಂಗು’ ಎಂದಾಗಿ ನಿದ್ರಿಸುವ ಅರ್ಥವನ್ನು ಪಡೆದಿದೆ. ನಮ್ಮ ‘ತೂಕಡಿಸು’ ಅದೇ ಕುಲಕ್ಕೆ ಸೇರಿದ್ದು. ತೂಗುವುದಕ್ಕೂ ನಿದ್ರಿಸುವುದಕ್ಕೂ ಒಂದೇ ಬೇರು ಇರುವ ಭಾಷಾಕುಟುಂಬ ನಮ್ಮದು.

ಪದಗಳ ಈ ಸಂಗತಿಯನ್ನು ಮೊದಲಿಗೇ ಎತ್ತಿಕೊಂಡುದಕ್ಕೆ ಕಾರಣವಿದೆ. ಮಲಗಿದ ಮಗು ತನ್ನ ನಿದ್ದೆಯ ಬಗೆಗೆ ತಾನೇ ಏನನ್ನೂ ಹೇಳಲಾರದು. ಹೇಳಬೇಕಾದವರು ಪಕ್ಕದಲ್ಲಿ ಎಚ್ಚರವಿದ್ದವರು – ತಾಯಿ, ಅಜ್ಜಿ, ಅಕ್ಕ. ಹಗಲಾದರೆ ಶಾಲೆಯ ಅಧ್ಯಾಪಕರು. ಅವರು ಆಯ್ದುಕೊಳ್ಳುವ ಮಾತಿನ ಮೇಲೆ ಮುಂದಿನದು ನಿಂತಿರುತ್ತದೆ. ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ‘ಸೋಮಾರಿ’ ಎಂದರೆ ಅವನಿಗೆ ಪೆಟ್ಟು. ‘ಕುಂಭಕರ್ಣ’ ಎಂದರೆ ನಗೆ. ರಾತ್ರಿ ಕಿರುಚುವ ಮಗುವಿಗೆ ‘ಸೋಂಕು’ ಎಂದರೆ ತಾಯಿತ. ‘ಗೊರಕೆ ಹೊಡೆದು ಒಳ್ಳೆಯ ನಿದ್ದೆ ಮಾಡುತ್ತದೆ’ ಎಂದರೆ ಏನೂ ಇಲ್ಲ. ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವ ನಿಮ್ಮಲ್ಲಿ ಹಲವರು ನಾಳೆ ಗಡಿನಾಡಿನ ಶಾಲೆಗಳಲ್ಲಿ ಮಕ್ಕಳ ಮುಂದೆ ನಿಲ್ಲುವವರು. ಮಕ್ಕಳ ನಿದ್ದೆಯ ವಿಚಾರವು ವೈದ್ಯರ ಪಾಲಿಗೆ ಮಾತ್ರ ಬಿಡತಕ್ಕದ್ದಲ್ಲ. ಅದರ ಮೊದಲ ಅರ್ಧ ಭಾಷೆಯವರ ಕೆಲಸ.

ಒಂದು ಕಣ್ಣಿನ ಚಲನೆ

ಆಧುನಿಕ ನಿದ್ರಾವಿಜ್ಞಾನದ ಅತಿ ಮುಖ್ಯವಾದ ಶೋಧವೊಂದು ಮಲಗಿದ ಮಗುವನ್ನು ನೋಡುತ್ತ ಕುಳಿತುದರಿಂದಲೇ ಒದಗಿತು. 1951ರಲ್ಲಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿ ಯೂಜೀನ್ ಅಸೆರಿನ್‌ಸ್ಕಿ ತನ್ನ ಎಂಟು ವರ್ಷದ ಮಗ ಆರ್ಮಂಡನನ್ನು ಪ್ರಯೋಗಾಲಯದಲ್ಲಿ ಮಲಗಿಸಿ, ಅವನ ಕಣ್ಣಿನ ಬಳಿಯಲ್ಲಿಯೂ ತಲೆಯ ಮೇಲೆಯೂ ವಿದ್ಯುದ್ವಾಹಕಗಳನ್ನು ಅಂಟಿಸಿ, ಹಳೆಯ ಯಂತ್ರವೊಂದಕ್ಕೆ ಜೋಡಿಸಿದ. ರಾತ್ರಿಯ ನಡುವೆ ಯಂತ್ರದ ಲೇಖನಿಗಳು ಇದ್ದಕ್ಕಿದ್ದಂತೆ ವೇಗವಾಗಿ ಓಡತೊಡಗಿದವು. ಹುಡುಗನಿಗೆ ಎಚ್ಚರವಾಗಿರಬೇಕೆಂದು ಹೋಗಿ ನೋಡಿದರೆ ಅವನಿಗೆ ಗಾಢವಾದ ನಿದ್ದೆ. ಯಂತ್ರ ಕೆಟ್ಟಿದೆಯೆಂಬ ಅನುಮಾನ ಮೊದಲು ಬಂತು. ಅದೂ ನಿಜವಲ್ಲವೆಂದು ಕ್ರಮೇಣ ಖಚಿತವಾಯಿತು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಅತ್ತಿತ್ತ ಹರಿಯುತ್ತಿದ್ದವು. ಮಿದುಳಿನ ಅಲೆಗಳು ಎಚ್ಚರದವನ ಅಲೆಗಳನ್ನು ಹೋಲುತ್ತಿದ್ದವು. ತನ್ನ ಗುರು ನಥಾನಿಯಲ್ ಕ್ಲೀಟ್‌ಮನ್ನನೊಡನೆ ಅವನು 1953ರಲ್ಲಿ ಪ್ರಕಟಿಸಿದ ಲೇಖನದಿಂದ ನಿದ್ದೆಯು ಒಂದೇ ಬಗೆಯದಲ್ಲ, ಎರಡು ಬಗೆಯದೆಂಬುದು ಸ್ಥಿರಪಟ್ಟಿತು. ಒಂದು, ಕಣ್ಣು ಚಲಿಸುವ ನಿದ್ದೆ. ಹೆಚ್ಚಿನ ಕನಸುಗಳ ಮನೆ ಅದೇ. ಇನ್ನೊಂದು, ಅಲೆಗಳು ನಿಧಾನವಾಗುವ ಶಾಂತ ನಿದ್ದೆ. ಅದರ ಆಳದ ಹಂತವೇ ನಾವು ಗಾಢನಿದ್ದೆಯೆನ್ನುವುದು.

ಮಾಂಡೂಕ್ಯೋಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿಗಳನ್ನು ಹಿಂದೆಯೇ ಬೇರ್ಪಡಿಸಿತ್ತಲ್ಲವೆ ಎಂದು ಇಲ್ಲಿ ಕೆಲವರಿಗೆ ಅನ್ನಿಸಬಹುದು. ಬೇರ್ಪಡಿಸಿದ್ದು ನಿಜ. ಆದರೆ ಅಲ್ಲಿಯ ಪ್ರಶ್ನೆ ಆತ್ಮಸ್ವರೂಪದ್ದು, ಇಲ್ಲಿಯದು ದೇಹದ್ದು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುವುದರಿಂದ ಯಾವುದಕ್ಕೂ ಗೌರವ ಸಲ್ಲುವುದಿಲ್ಲ. ದೇಹದ ದೃಷ್ಟಿಯಿಂದಲೇ ನೋಡುವುದಾದರೆ ಚರಕಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಶರೀರದ ಮೂರು ಊರೆಗಂಬಗಳೆಂದು ಎಣಿಸಿರುವುದು ನಮ್ಮ ಪ್ರಸ್ತಾವಕ್ಕೆ ಹೆಚ್ಚು ಹತ್ತಿರವಾದದ್ದು.

ಹಸುಗೂಸು

ಹಸುಗೂಸಿನ ನಿದ್ದೆಯು ದೊಡ್ಡವರ ನಿದ್ದೆಯ ಕಿರಿಯ ಪ್ರತಿಯಲ್ಲ. ಅದರ ರಚನೆಯೇ ಬೇರೆ. ದೊಡ್ಡವರಲ್ಲಿ ಕಣ್ಣು ಚಲಿಸುವ ನಿದ್ದೆಯ ಪಾಲು ಸುಮಾರು ಕಾಲುಭಾಗವಾದರೆ ನವಜಾತ ಶಿಶುವಿನಲ್ಲಿ ಅರ್ಧದಷ್ಟು. ಅವಧಿಗೆ ಮುನ್ನ ಹುಟ್ಟಿದ ಶಿಶುವಿನಲ್ಲಿ ಇನ್ನೂ ಹೆಚ್ಚು. ನಾವು ಶಾಂತ ನಿದ್ದೆಯ ಮೂಲಕ ಒಳಹೊಕ್ಕು ಆಮೇಲೆ ಕನಸಿನ ನಿದ್ದೆಗೆ ದಾಟುತ್ತೇವೆ. ಕೂಸು ನೇರವಾಗಿ ಆ ಚಂಚಲ ನಿದ್ದೆಯಿಂದಲೇ ಆರಂಭಿಸುತ್ತದೆ. ನಮ್ಮಲ್ಲಿ ಒಂದು ಆವರ್ತ ಮುಗಿಯಲು ಸುಮಾರು 90 ನಿಮಿಷ ಬೇಕು, ಕೂಸಿಗೆ 50ರಿಂದ 60 ನಿಮಿಷ. ಒಂದು ಆವರ್ತ ಮುಗಿದು ಇನ್ನೊಂದು ತೊಡಗುವ ಸಂಧಿಯಲ್ಲಿ ಎಚ್ಚರವಾಗುವುದು ಸುಲಭ. ಆದುದರಿಂದ ಕೂಸು ಪದೇ ಪದೇ ಎಚ್ಚರಗೊಳ್ಳುವುದು ರೋಗವಲ್ಲ. ಪುಟ್ಟ ಹೊಟ್ಟೆಗೆ ಹಾಲು ಬೇಕಾಗುವುದೂ ಅದೇ ಹೊತ್ತಿನ ಅಂತರದಲ್ಲಿ.

ಚಂಚಲ ನಿದ್ದೆಯಲ್ಲಿರುವ ಕೂಸು ಹುಬ್ಬು ಗಂಟಿಕ್ಕುತ್ತದೆ, ತುಟಿ ಚೀಪುತ್ತದೆ, ಮುಲುಗುತ್ತದೆ, ನಗುತ್ತದೆ. ದೇವರು ನಗಿಸುತ್ತಾನೆಂದು ನಮ್ಮಲ್ಲಿ ಹೇಳುವುದುಂಟು. ಸೊಲ್ಲಾಪುರದ ಕಡೆ ಸಟವಿ ತಾಯಿಯ ಹೆಸರು ಹೇಳುವವರಿದ್ದಾರೆ. ಈ ನಂಬಿಕೆಯಲ್ಲಿ ಒಂದು ವಿವೇಕವೂ ಅಡಗಿದೆ. ದೇವರೊಡನೆ ಆಡುತ್ತಿರುವ ಕೂಸನ್ನು ಯಾರೂ ಎತ್ತಲು ಹೋಗುವುದಿಲ್ಲ. ಮುಲುಗಿದೊಡನೆ ಎಚ್ಚರವಾಯಿತೆಂದು ಭ್ರಮಿಸಿ ಎತ್ತಿದರೆ, ನಿದ್ದೆಯಲ್ಲಿದ್ದ ಕೂಸನ್ನು ನಾವೇ ಎಬ್ಬಿಸಿದಂತಾಗುತ್ತದೆ.

ಹಗಲು ರಾತ್ರಿಗಳ ಭೇದ ಕೂಸಿಗೆ ಹುಟ್ಟಿನಿಂದ ಬಂದುದಲ್ಲ. ಎರಡು ಕಣ್ಣುಗಳ ನರಗಳು ಕೂಡುವೆಡೆಯ ತುಸು ಮೇಲೆ, ಮಿದುಳಿನಲ್ಲಿ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ಅದೇ ದೇಹದ ಗಡಿಯಾರ. ಕತ್ತಲಾದಾಗ ಅದರ ಸೂಚನೆಯಂತೆ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ಸ್ರವಿಸುತ್ತದೆ. ಏರನ್ ಲರ್ನರ್ ಎಂಬ ವೈದ್ಯ 1958ರಲ್ಲಿ ಬೇರ್ಪಡಿಸಿ ತೋರಿಸಿದ ಈ ರಸವು ದೇಹಕ್ಕೆ ರಾತ್ರಿಯಾಯಿತೆಂಬ ಸುದ್ದಿಯನ್ನು ಮುಟ್ಟಿಸುತ್ತದೆ. ಗರ್ಭದಲ್ಲಿರುವಾಗ ಈ ಸುದ್ದಿ ತಾಯಿಯ ರಕ್ತದಿಂದ ಬರುತ್ತದೆ. ಹುಟ್ಟಿದ ಮೇಲೆ ಸ್ವಂತ ಲಯ ಮೂಡಲು ಎರಡು ಮೂರು ತಿಂಗಳು ಬೇಕು. ರಾತ್ರಿಯ ಎದೆಹಾಲಿನಲ್ಲಿ ಮೆಲಟೋನಿನ್ ಇರುತ್ತದೆ, ಹಗಲಿನದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಾಣಂತಿಯ ಕೋಣೆಯನ್ನು ಹಗಲಿರುಳೂ ಒಂದೇ ಸಮನೆ ಕತ್ತಲಾಗಿಡುವ ನಮ್ಮ ಹಳೆಯ ರೂಢಿಯನ್ನು ಈ ಕಾರಣದಿಂದ ಸ್ವಲ್ಪ ಸಡಿಲಿಸಬೇಕೆಂದು ನನ್ನ ಅಭಿಪ್ರಾಯ. ಹಗಲಿನಲ್ಲಿ ಬೆಳಕು ಬರಲಿ, ಮನೆಯ ಸದ್ದು ಕೇಳಲಿ. ರಾತ್ರಿ ಹಾಲೂಡುವಾಗ ಮಂದ ದೀಪ, ಮೆಲುದನಿ ಸಾಕು.

ಮಲಗಿಸುವ ಭಂಗಿಯ ವಿಷಯದಲ್ಲಿ ನಮ್ಮ ರೂಢಿಯೇ ಗೆದ್ದಿತು. ಕಳೆದ ಶತಮಾನದ ನಡುಭಾಗದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಕೂಸುಗಳನ್ನು ಬೋರಲು ಮಲಗಿಸುವುದು ಶಾಸ್ತ್ರೀಯವೆನ್ನಿಸಿತ್ತು. ತೊಟ್ಟಿಲಲ್ಲಿ ಕಾರಣವಿಲ್ಲದೆ ಕೂಸುಗಳು ಸಾಯುವುದಕ್ಕೂ ಈ ಭಂಗಿಗೂ ನಂಟಿರುವುದು ಆಮೇಲೆ ಬೆಳಕಿಗೆ ಬಂತು. 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಬೋರಲು ಮಲಗಿಸಬಾರದೆಂದು ಸೂಚಿಸಿತು. 1994ರಲ್ಲಿ ಅಲ್ಲಿ ಅಂಗಾತ ಮಲಗಿಸುವ ದೇಶವ್ಯಾಪಿ ಪ್ರಚಾರ ತೊಡಗಿತು. ಹತ್ತು ವರ್ಷಗಳೊಳಗೆ ಅಂತಹ ಸಾವುಗಳು ಅರ್ಧಕ್ಕಿಳಿದವು. ಒಂದು ಮಾತಿನ ಬದಲಾವಣೆಯಿಂದ ಇಷ್ಟು ಜೀವಗಳು ಉಳಿದ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ವಿರಳ. ನಮ್ಮಲ್ಲಿ ಕೂಸನ್ನು ಅಂಗಾತ ಮಲಗಿಸುವುದು ಸಾಮಾನ್ಯ. ಆದರೂ ಸೀರೆಯ ಜೋಲಿಯಲ್ಲಿ ಗದ್ದವು ಎದೆಗೆ ಒತ್ತಿಕೊಳ್ಳುವಂತೆ ಮುದುಡಿ ಮಲಗಿದ ಎಳೆಗೂಸನ್ನು ಕಣ್ಣಳತೆಯಲ್ಲಿಯೇ ಇಟ್ಟುಕೊಳ್ಳಬೇಕು. ಹಾಸಿಗೆಯಲ್ಲಾದರೆ ಮೆತ್ತನೆಯ ದಿಂಬೂ ದಪ್ಪ ಹೊದಿಕೆಯೂ ಮುಖದ ಬಳಿ ಇರಬಾರದು. ತಾಯಿಯ ಮಗ್ಗುಲಲ್ಲಿ ಮಲಗಿಸುವುದನ್ನು ಆ ಅಕಾಡೆಮಿ ಒಪ್ಪುವುದಿಲ್ಲ. ನಮ್ಮ ಮನೆಗಳಲ್ಲಿ ಅದನ್ನು ಬಿಡುವವರೂ ಇಲ್ಲ. ಹಾಗೆ ಮಲಗುವಲ್ಲಿ ಧೂಮಪಾನ ಮಾಡುವವರು, ಕುಡಿದವರು ಜೊತೆಗೆ ಇರಕೂಡದೆಂಬ ನಿಯಮವಂತೂ ಸಡಿಲಿಕೆಯಿಲ್ಲದ್ದು.

ಯಾವುದು ತೊಂದರೆ, ಯಾರಿಗೆ ತೊಂದರೆ

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಕೊಟ್ಟ ಸೂಚನೆಯಂತೆ ಮೂರು ತಿಂಗಳವರೆಗೆ ದಿನಕ್ಕೆ 14ರಿಂದ 17 ಗಂಟೆ, ಒಂದು ವರ್ಷದವರೆಗೆ 12ರಿಂದ 16, ಒಂದು ಎರಡು ವರ್ಷದವರಿಗೆ 11ರಿಂದ 14, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆಗಳ ನಿದ್ದೆ ಬೇಕು, ಹಗಲಿನ ನಿದ್ದೆಯೂ ಸೇರಿ. ಶಾಲೆಗೆ ಹೋಗುವ ಮಕ್ಕಳಿಗೆ 9ರಿಂದ 12, ಹದಿಹರೆಯದವರಿಗೆ 8ರಿಂದ 10 ಗಂಟೆಗಳೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಕೊನೆಯ ಅಂಕಿಯನ್ನು ನೆನಪಿನಲ್ಲಿಡಿ. ಅದರ ವಿಚಾರಕ್ಕೆ ಮುಂದೆ ಬರುತ್ತೇವೆ.

ಅಂಕಿಗಳು ಎಲ್ಲ ಕಡೆಗೂ ಒಂದೇ ಆದರೂ ಮನೆಗಳು ಒಂದೇ ಅಲ್ಲ. 2010ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವು ಭಾರತವೂ ಸೇರಿದಂತೆ 17 ದೇಶ ಮತ್ತು ಪ್ರದೇಶಗಳ 29,287 ಎಳೆಯ ಮಕ್ಕಳ ತಂದೆತಾಯಿಗಳಿಂದ ವಿವರ ಪಡೆಯಿತು. ನ್ಯೂಜಿಲೆಂಡಿನ ಮಕ್ಕಳು ಸರಾಸರಿ ಸಂಜೆ ಏಳೂವರೆಗೆ ಮಲಗಿದರೆ ಹಾಂಗ್‌ಕಾಂಗಿನವರು ಹತ್ತು ಕಳೆದ ಮೇಲೆ. ಏಷ್ಯಾದ ಮಕ್ಕಳು ಒಟ್ಟಿನಲ್ಲಿ ತಡವಾಗಿ ಮಲಗುತ್ತಾರೆ, ಕಡಿಮೆ ನಿದ್ರಿಸುತ್ತಾರೆ, ತಂದೆತಾಯಿಗಳ ಕೋಣೆಯಲ್ಲಿಯೇ ಇರುತ್ತಾರೆ. ‘ನಮ್ಮ ಮಗುವಿಗೆ ನಿದ್ದೆಯ ತೊಂದರೆ’ ಎಂಬ ಮಾತಿನ ಅರ್ಥವು ಇದರಿಂದಾಗಿ ಊರಿಂದೂರಿಗೆ ಬದಲಾಗುತ್ತದೆ. ಒಂಟಿಯಾಗಿ ಬೇರೆ ಕೋಣೆಯಲ್ಲಿ ನಿದ್ರಿಸಲೊಲ್ಲದ ಎರಡು ವರ್ಷದ ಮಗು ಅಮೆರಿಕದ ಮನೆಯಲ್ಲಿ ಒಂದು ಸಮಸ್ಯೆ; ಅಡೂರಿನಲ್ಲಿಯೋ ಅಕ್ಕಲಕೋಟೆಯಲ್ಲಿಯೋ ಅದು ಸಮಸ್ಯೆಯೆಂದು ಯಾರಿಗೂ ತೋರದು. ಆದರೆ ಮನೆಯವರೆಲ್ಲ ಟಿ.ವಿ. ಆರಿಸುವ ಹನ್ನೊಂದು ಗಂಟೆಯವರೆಗೆ ಮಗುವೂ ಎಚ್ಚರವಿದ್ದು, ಬೆಳಗ್ಗೆ ಅಂಗನವಾಡಿಗೆಂದು ಏಳಿಸಿದಾಗ ಅತ್ತರೆ, ಅಳುವನ್ನು ‘ಹಟ’ವೆಂದು ಕರೆಯುತ್ತೇವೆ. ಅದು ಹಟವಲ್ಲ, ಸಾಲ. ಪ್ರತಿದಿನ ಒಂದೂವರೆ ಗಂಟೆಯಷ್ಟು ಕೂಡುತ್ತ ಹೋಗುವ ನಿದ್ದೆಯ ಸಾಲ.

ಜೋಗುಳದ ಪ್ರಯೋಜನ ಇಲ್ಲಿದೆ. ಮಲೆಯಾಳದ ತಾರಾಟ್ಟು, ತಮಿಳಿನ ತಾಲಾಟ್ಟು, ತೆಲುಗಿನ ಲಾಲಿ, ಮರಾಠಿಯ ಅಂಗಾಯಿ – ಗಡಿಯ ಎಲ್ಲ ಮಗ್ಗುಲಲ್ಲಿಯೂ ಇರುವ ಈ ಪ್ರಕಾರವನ್ನು ನಾವು ಜಾನಪದ ಪತ್ರಿಕೆಯಲ್ಲಿ ವಸ್ತು, ಆಶಯ, ಛಂದಸ್ಸುಗಳೆಂದು ಓದುತ್ತೇವೆ. ಅದರ ಕೆಲಸವನ್ನೂ ಕೇಳಬೇಕು. ಪ್ರತಿರಾತ್ರಿ ಅದೇ ದನಿ, ಅದೇ ಲಯ, ಅದೇ ತೂಗು. ಇನ್ನು ಮುಂದೆ ನಡೆಯುವುದು ನಿದ್ದೆ ಮಾತ್ರವೆಂದು ಮಗುವಿಗೆ ತಿಳಿಸುವ ಕ್ರಮ ಅದು. ಮಲಗುವ ಮೊದಲು ನಿತ್ಯವೂ ಒಂದೇ ಕ್ರಮವನ್ನು ಪಾಲಿಸಿರೆಂದು ಇಂದು ವೈದ್ಯರು ಕೊಡುವ ಸಲಹೆಗೆ ಜೋಗುಳಕ್ಕಿಂತ ಅಗ್ಗವಾದ ಸಾಧನವಿಲ್ಲ. ಮೊಬೈಲಿನಲ್ಲಿ ಹಚ್ಚಿಕೊಟ್ಟ ಜೋಗುಳದ ಚಿತ್ರ ಆ ಕೆಲಸ ಮಾಡದು. ಅದರ ಬೆಳಕು ಹಾಡಿನ ಕೆಲಸವನ್ನು ಕೆಡಿಸುತ್ತದೆ.

ರಾತ್ರಿಯ ಕಿರುಚು

ಮೂರರಿಂದ ಎಂಟು ವರ್ಷದ ಮಗುವೊಂದು ಮಲಗಿ ಒಂದೆರಡು ಗಂಟೆಯಾದ ಮೇಲೆ ಚೀರಿ ಎದ್ದು ಕುಳಿತುಕೊಳ್ಳುತ್ತದೆ. ಕಣ್ಣು ತೆರೆದಿದೆ, ನೋಟ ಯಾರ ಮೇಲೂ ಇಲ್ಲ. ಮೈ ಬೆವರಿದೆ, ಎದೆ ಹೊಡೆದುಕೊಳ್ಳುತ್ತಿದೆ. ತಾಯಿ ಅಪ್ಪಿಕೊಂಡರೆ ತಳ್ಳುತ್ತದೆ, ಅವಳ ಗುರುತೇ ಇಲ್ಲದಂತೆ. ಕೆಲವು ನಿಮಿಷಗಳಾದ ಮೇಲೆ ತಾನಾಗಿ ಒರಗಿ ಮಲಗುತ್ತದೆ. ಬೆಳಗ್ಗೆ ಕೇಳಿದರೆ ಏನೂ ನೆನಪಿಲ್ಲ. ಇದನ್ನು ಕಂಡ ಮನೆಯವರಿಗೆ ಸೋಂಕು, ದೃಷ್ಟಿ ಎಂಬ ಮಾತುಗಳು ನೆನಪಾದರೆ ಆಶ್ಚರ್ಯವಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವೇ ಸ್ಕಂದ, ಶಕುನಿ, ರೇವತಿ, ಪೂತನೆ ಮೊದಲಾದ ಒಂಬತ್ತು ಬಾಲಗ್ರಹಗಳನ್ನು ಹೆಸರಿಸಿ ಲಕ್ಷಣಗಳನ್ನು ವಿವರಿಸುತ್ತದೆ. ಭಾಗವತದ ಪೂತನಿಯನ್ನು ಕಾವ್ಯದಲ್ಲಿ ಓದುವ ನಾವು ಅವಳ ಹೆಸರು ವೈದ್ಯಗ್ರಂಥದಲ್ಲಿಯೂ ಇರುವುದನ್ನು ಗಮನಿಸತಕ್ಕದ್ದು.

ನಿದ್ರಾವಿಜ್ಞಾನವು ಈ ಸ್ಥಿತಿಯನ್ನು ನಿದ್ರಾಭೀತಿಯೆಂದು ಕರೆಯುತ್ತದೆ. ಇರುಳಿನ ಮೊದಲ ಮೂರನೆಯ ಒಂದು ಭಾಗದಲ್ಲಿ ಗಾಢನಿದ್ದೆ ಹೆಚ್ಚು. ಆ ಆಳದಿಂದ ಮಿದುಳಿನ ಒಂದು ಭಾಗ ಎಚ್ಚರಗೊಂಡು ಉಳಿದದ್ದು ನಿದ್ದೆಯಲ್ಲಿಯೇ ಉಳಿದಾಗ ಹೀಗಾಗುತ್ತದೆ. ನಿದ್ದೆಯಲ್ಲಿ ಎದ್ದು ನಡೆಯುವುದೂ ಇದೇ ಜಾತಿಯದು. ಎರಡೂ ಮನೆತನದಲ್ಲಿ ಹರಿದುಬರುತ್ತವೆ, ಪ್ರಾಯ ಬಂದಂತೆ ಬಹುಪಾಲು ತಾವಾಗಿ ನಿಲ್ಲುತ್ತವೆ. ಕೆಟ್ಟ ಕನಸು ಇದಲ್ಲ. ಅದು ಬೆಳಗಿನ ಜಾವದ ಕಡೆಗೆ, ಕಣ್ಣು ಚಲಿಸುವ ನಿದ್ದೆಯಲ್ಲಿ ಬರುವುದು. ಮಗು ಪೂರ್ತಿ ಎಚ್ಚರಗೊಂಡು, ಅತ್ತು, ತಾಯಿಯನ್ನು ತಬ್ಬಿ, ಕಂಡುದನ್ನು ಹೇಳುತ್ತದೆ. ಹೊತ್ತು ಯಾವುದು, ನೆನಪು ಇದೆಯೋ ಇಲ್ಲವೋ, ಸಮಾಧಾನ ಒಪ್ಪುತ್ತದೋ ಇಲ್ಲವೋ – ಈ ಮೂರನ್ನು ಕೇಳಿದರೆ ಎರಡೂ ಬೇರೆಯಾಗುತ್ತವೆ. ನಿದ್ರಾಭೀತಿಯ ಮಗುವನ್ನು ಅಲುಗಾಡಿಸಿ ಎಬ್ಬಿಸಬಾರದು. ಬೀಳದಂತೆ ಕಾದು ಕುಳಿತರೆ ಸಾಕು. ನಿದ್ದೆಗೆಟ್ಟ ದಿನಗಳಲ್ಲಿಯೂ ಜ್ವರದಲ್ಲಿಯೂ ಇದು ಹೆಚ್ಚು.

ತಾಯಿತ ಕಟ್ಟಿದರೆ ಹಾನಿಯೇನೆಂದು ಕೇಳುವವರಿದ್ದಾರೆ. ದಾರದಿಂದ ಹಾನಿಯಿಲ್ಲ, ವಿಳಂಬದಿಂದ ಇದೆ. ಒಂದೇ ರಾತ್ರಿಯಲ್ಲಿ ಹಲವು ಬಾರಿ, ಪ್ರತಿಸಲವೂ ತದ್ವತ್ತಾಗಿ, ಅರೆನಿಮಿಷ ಒಂದು ನಿಮಿಷದಷ್ಟೇ ಕಾಲ, ಕೈಕಾಲು ಸೆಟೆದು ಅಥವಾ ಬಾಯಿ ಒಂದು ಕಡೆಗೆ ಎಳೆದು ಬರುವಂತಹದ್ದಾದರೆ ಅದು ಅಪಸ್ಮಾರವಿರಬಹುದು; ಅದಕ್ಕೆ ವೈದ್ಯರೇ ಬೇಕು.

ಹಾಸಿಗೆಯಲ್ಲಿ ಮೂತ್ರ ಹೋಗುವುದನ್ನು ಐದು ವರ್ಷ ತುಂಬುವವರೆಗೆ ತೊಂದರೆಯೆಂದೇ ಎಣಿಸುವುದಿಲ್ಲ. ಐದರ ಪ್ರಾಯದಲ್ಲಿಯೂ ನೂರಕ್ಕೆ ಸುಮಾರು 15 ಮಕ್ಕಳಲ್ಲಿ ಅದು ಇರುತ್ತದೆ; ತಂದೆಗೋ ತಾಯಿಗೋ ಚಿಕ್ಕಂದಿನಲ್ಲಿ ಇದ್ದಿದ್ದರೆ ಸಂಭವ ಇನ್ನೂ ಹೆಚ್ಚು. ಹೊಡೆದು ನಾಚಿಸಿ ಅದನ್ನು ನಿಲ್ಲಿಸಿದವರಿಲ್ಲ.

ಗೊರಕೆಯ ಹುಡುಗ

ಚಾರ್ಲ್ಸ್ ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಜೋ ಎಂಬ ಆಳುಹುಡುಗನಿದ್ದಾನೆ. ದಪ್ಪ ಮೈ, ನಿಂತಲ್ಲಿಯೇ ನಿದ್ದೆ, ನಿದ್ದೆಯಲ್ಲಿ ಗೊರಕೆ. 1836–37ರಲ್ಲಿ ಕಂತುಗಳಾಗಿ ಬಂದ ಆ ಕೃತಿಯ ಓದುಗರು ಅವನನ್ನು ಕಂಡು ನಕ್ಕರು. 1956ರಲ್ಲಿ ಅಮೆರಿಕದ ವೈದ್ಯ ಬರ್ವೆಲ್ ಮತ್ತು ಸಂಗಡಿಗರು ಸ್ಥೂಲಕಾಯದ ರೋಗಿಯೊಬ್ಬನ ಉಸಿರಾಟದ ದೋಷವನ್ನು ವರ್ಣಿಸುವಾಗ ಅದಕ್ಕೆ ಪಿಕ್‌ವಿಕ್ಕಿನ ಹೆಸರನ್ನೇ ಇಟ್ಟರು. ನಗೆಪಾತ್ರವೊಂದು ರೋಗಲಕ್ಷಣವಾಗಲು ನೂರಿಪ್ಪತ್ತು ವರ್ಷ ಹಿಡಿಯಿತು. ಮಕ್ಕಳಲ್ಲಿ ನಿದ್ದೆಯ ನಡುವೆ ಉಸಿರು ಕಟ್ಟುವ ಸ್ಥಿತಿಯನ್ನು ಗಿಯೆಮಿನೊ ಎಂಬ ವೈದ್ಯ ಎಂಟು ಮಕ್ಕಳ ವಿವರಗಳೊಡನೆ ಬರೆದುದು 1976ರಲ್ಲಿ.

ಮಕ್ಕಳಲ್ಲಿ ಇದರ ಮುಖ್ಯ ಕಾರಣ ಬೊಜ್ಜಲ್ಲ; ಊದಿಕೊಂಡ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್. ಎಚ್ಚರದಲ್ಲಿ ಹೇಗೋ ಸಾಗುವ ಉಸಿರು, ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾದೊಡನೆ ತಡೆಯುತ್ತದೆ. ಗೊರಕೆ ಏರುತ್ತದೆ, ನಿಲ್ಲುತ್ತದೆ, ಮೌನ, ಆಮೇಲೆ ಬುಸುಗುಟ್ಟಿ ಮತ್ತೆ ಆರಂಭ. ಮಗು ಕತ್ತನ್ನು ಹಿಂದಕ್ಕೆ ಚಾಚಿ, ಬಾಯಿ ತೆರೆದು, ಬೆವರುತ್ತ ಮಲಗುತ್ತದೆ. ಇದನ್ನು ಕಂಡು ‘ಆಟವಾಡಿ ದಣಿದಿದೆ, ಗಾಢವಾಗಿ ನಿದ್ರಿಸುತ್ತಿದೆ’ ಎನ್ನುವುದು ವಿಪರ್ಯಾಸ. ಅಡೆತಡೆಯಿಲ್ಲದ ಗಾಢನಿದ್ದೆ ಆ ಮಗುವಿಗೆ ಸರಿಯಾಗಿ ದೊರೆಯದಿರಬಹುದು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಒಸರುವುದು ಆ ನಿದ್ದೆಯಲ್ಲಿಯೇ ಆದುದರಿಂದ ಕೆಲವರ ಬೆಳವಣಿಗೆಯೂ ಕುಂಠಿತವಾಗುತ್ತದೆ.

ಅಧ್ಯಾಪಕರು ತಿಳಿದಿರಬೇಕಾದ ಒಂದು ಸಂಗತಿಯಿದೆ. ನಿದ್ದೆ ಸಾಲದ ದೊಡ್ಡವರು ಹಗಲಿನಲ್ಲಿ ಮಂಕಾಗುತ್ತಾರೆ. ನಿದ್ದೆ ಸಾಲದ ಚಿಕ್ಕ ಮಕ್ಕಳು ಅನೇಕ ವೇಳೆ ಅದಕ್ಕೆ ವಿರುದ್ಧವಾಗಿ ಚಡಪಡಿಸುತ್ತಾರೆ, ಕುಳಿತಲ್ಲಿ ಕೂರುವುದಿಲ್ಲ, ಜಗಳವಾಡುತ್ತಾರೆ. ‘ತುಂಟ’ನೆಂದು ಹಿಂದಿನ ಬೆಂಚಿಗೆ ಕಳುಹಿಸಿದ ಹುಡುಗ ಬಾಯಿಯಲ್ಲಿ ಉಸಿರಾಡುವವನೇ ಎಂದು ಒಮ್ಮೆ ನೋಡುವುದು, ‘ರಾತ್ರಿ ಗೊರಕೆಯುಂಟೆ?’ ಎಂದು ಅವನ ಅಮ್ಮನನ್ನು ಕೇಳುವುದು – ಇದಕ್ಕೆ ವೈದ್ಯಕೀಯ ಪದವಿ ಬೇಕಾಗಿಲ್ಲ. ಟಾನ್ಸಿಲ್, ಅಡಿನಾಯ್ಡುಗಳನ್ನು ತೆಗೆದ ಮೇಲೆ ಇಂತಹ ಬಹುಪಾಲು ಮಕ್ಕಳು ಸುಧಾರಿಸುತ್ತಾರೆ.

ಮಗುವಿನ ಸ್ವಂತ ಮಾತು

ಸಂಜೆಯಾಗಿ ಮಲಗಿದೊಡನೆ ಕಾಲುಗಳನ್ನು ಅಲುಗಿಸದೆ ಇರಲಾಗದ ಒಂದು ತೊಂದರೆಯಿದೆ. ನೋವೆನ್ನಲಾಗದು, ತುರಿಕೆಯೂ ಅಲ್ಲ. ಕಾಲು ಆಡಿಸಿದರೆ ಹಾಯೆನ್ನಿಸುತ್ತದೆ, ನಿಲ್ಲಿಸಿದರೆ ಮರುಕಳಿಸುತ್ತದೆ. ಮಕ್ಕಳಲ್ಲಿ ಇದನ್ನು ಗುರುತಿಸುವ ನಿಯಮಗಳಲ್ಲಿ ವಿಶೇಷವಾದದ್ದೊಂದಿದೆ: ಲಕ್ಷಣವನ್ನು ಮಗುವು ತನ್ನ ಸ್ವಂತ ಮಾತಿನಲ್ಲಿ ವರ್ಣಿಸಿರಬೇಕು. ವೈದ್ಯರು ಬಾಯಿಗೆ ಹಾಕಿದ ಮಾತು ನಡೆಯದು. ಇರುವೆ ಹರಿದ ಹಾಗೆ, ಒಳಗೆ ಜುಮುಜುಮು, ಕಾಲಿಗೆ ಓಡಬೇಕೆನಿಸುತ್ತದೆ – ಹೀಗೆ ಏನನ್ನಾದರೂ ಮಗು ಹೇಳಬೇಕು.

ಕಾಸರಗೋಡಿನಂತಹ ಊರಿನಲ್ಲಿ ಇದರ ತೊಡಕನ್ನು ಊಹಿಸಿಕೊಳ್ಳಿ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಮರಾಟಿಯೋ, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲೆಯಾಳ, ಚೀಟಿಯಲ್ಲಿ ಇಂಗ್ಲಿಷು. ತುಳುವಿನ ಮಗು ತಾನು ‘ಜೆಪ್ಪುವ’ ಹೊತ್ತಿನ ಸಂಕಟವನ್ನು ಮೂರು ಭಾಷೆ ದಾಟಿಸುವಷ್ಟರಲ್ಲಿ ಅದು ಬರಿಯ ‘ಕಾಲುನೋವು’ ಆಗಿ, ‘ಬೆಳೆಯುವ ಮಕ್ಕಳಿಗೆ ಇದೆಲ್ಲ ಸಹಜ’ ಎಂಬ ಉತ್ತರದೊಡನೆ ಮನೆಗೆ ಮರಳುತ್ತದೆ. ದೇಹದಲ್ಲಿ ಕಬ್ಬಿಣದ ಅಂಶ ಕಡಿಮೆಯಾಗುವುದಕ್ಕೂ ಈ ತೊಂದರೆಗೂ ನಂಟಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೂ, 15ರಿಂದ 19ರ ಪ್ರಾಯದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೂ ರಕ್ತಹೀನತೆಯಿದೆ. ರಕ್ತಪರೀಕ್ಷೆಯಿಂದ ಪತ್ತೆಯಾಗಿ, ವೈದ್ಯರು ಕೊಡುವ ಕಬ್ಬಿಣದ ಔಷಧದಿಂದ ಶಮನವಾಗಬಹುದಾದ ತೊಂದರೆಯು ಒಂದು ಪದದ ಕೊರತೆಯಿಂದ ಉಳಿದುಹೋಗುತ್ತದೆ.

ಹದಿಹರೆಯದ ಗಡಿಯಾರ

ಇನ್ನು ನಿಮ್ಮ ಪಾಲಿನದು. ಪ್ರಾಯ ಏರಿದಂತೆ ನಿದ್ದೆ ಕಡಿಮೆ ಸಾಕೆಂಬುದು ಲೋಕದ ನಂಬಿಕೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೇರಿ ಕಾರ್ಸ್‌ಕಡನ್ ಎಂಬಾಕೆ 1976ರಿಂದ ತೊಡಗಿ ಹಲವು ಬೇಸಗೆಗಳಲ್ಲಿ ಮಕ್ಕಳ ನಿದ್ರಾಶಿಬಿರ ನಡೆಸಿದಳು. ಹತ್ತು ಹನ್ನೆರಡರ ಪ್ರಾಯದವರನ್ನು ವರ್ಷ ವರ್ಷವೂ ಕರೆದು, ಹತ್ತು ಗಂಟೆ ಮಲಗುವ ಅವಕಾಶ ಕೊಟ್ಟು ಅಳೆದಳು. ಪ್ರಾಯ ಬಂದಂತೆ ನಿದ್ದೆಯ ಅಗತ್ಯ ಕಡಿಮೆಯಾಗಲಿಲ್ಲ. ಸುಮಾರು ಒಂಬತ್ತು ಗಂಟೆಯಲ್ಲಿಯೇ ನಿಂತಿತು. ಹಗಲಿನ ತೂಕಡಿಕೆ ಮಾತ್ರ ಹೆಚ್ಚಿತು. ಮುಂದಿನ ಅಧ್ಯಯನಗಳಲ್ಲಿ ಇನ್ನೊಂದು ಸಂಗತಿ ಸ್ಪಷ್ಟವಾಯಿತು: ಮೈನೆರೆಯುವ ಕಾಲದಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ಮೆಲಟೋನಿನ್ ಒಸರುವ ಹೊತ್ತು ಒಂದೆರಡು ಗಂಟೆ ತಡವಾಗುತ್ತದೆ. ಎಚ್ಚರವಿದ್ದಷ್ಟೂ ಕೂಡುತ್ತ ಹೋಗುವ ನಿದ್ದೆಯ ಒತ್ತಡವೂ ಚಿಕ್ಕಂದಿನಷ್ಟು ಬೇಗ ಏರುವುದಿಲ್ಲ. ಹತ್ತು ಗಂಟೆಗೆ ದೀಪವಾರಿಸಿ ಮಲಗಿದ ಹದಿನಾರರ ಹುಡುಗಿಗೆ ನಿದ್ದೆ ಬಾರದಿರುವುದು, ಬೆಳಗ್ಗೆ ಐದಕ್ಕೆ ಅವಳನ್ನು ಎಬ್ಬಿಸಲಾಗದಿರುವುದು ಶೀಲದ ಪ್ರಶ್ನೆಯಲ್ಲ. ಅವಳ ದೇಹಕ್ಕೆ ಅದು ನಡುರಾತ್ರಿ.

ಈ ಸರಿತ ಎಂದು ನಿಲ್ಲುತ್ತದೆ? ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2004ರಲ್ಲಿ ಸಾವಿರಾರು ಜನರ ಮಲಗುವ ಏಳುವ ಹೊತ್ತುಗಳನ್ನು ಪರಿಶೀಲಿಸಿ, ಹೆಣ್ಣುಮಕ್ಕಳಲ್ಲಿ ಸುಮಾರು ಹತ್ತೊಂಬತ್ತೂವರೆ, ಗಂಡುಮಕ್ಕಳಲ್ಲಿ ಸುಮಾರು ಇಪ್ಪತ್ತೊಂದು ವರ್ಷಕ್ಕೆ ಗಡಿಯಾರ ತನ್ನ ಅತಿ ತಡದ ಬಿಂದುವನ್ನು ಮುಟ್ಟಿ ಮತ್ತೆ ಮುಂದಕ್ಕೆ ತಿರುಗುತ್ತದೆಂದು ತೋರಿಸಿದರು. ಹದಿಹರೆಯ ಮುಗಿದ ಗುರುತೇ ಇದೆಂದು ಅವರ ವಾದ. ಪದವಿ ತರಗತಿಯಲ್ಲಿರುವ ನೀವು ಸರಿಯಾಗಿ ಆ ತಿರುವಿನಲ್ಲಿ ನಿಂತಿದ್ದೀರಿ. ನಿಮ್ಮ ತಮ್ಮ ತಂಗಿಯರು ಇನ್ನೂ ಏರಿನಲ್ಲಿದ್ದಾರೆ.

ಅಮೆರಿಕದಲ್ಲಿ ಈ ಅರಿವು ಶಾಲೆಯ ಗಂಟೆಯನ್ನೇ ಸರಿಸಿತು. ಮಿನಿಯಾಪೊಲಿಸ್ ನಗರದ ಪ್ರೌಢಶಾಲೆಗಳು 1997ರಲ್ಲಿ ಬೆಳಗ್ಗೆ 7.15ರ ಬದಲು 8.40ಕ್ಕೆ ಆರಂಭವಾದವು. ಸಿಯಾಟಲಿನಲ್ಲಿ 2016ರಲ್ಲಿ 7.50 ಇದ್ದದ್ದು 8.45 ಆದಾಗ ವಿದ್ಯಾರ್ಥಿಗಳು ಪ್ರತಿದಿನ 34 ನಿಮಿಷ ಹೆಚ್ಚು ನಿದ್ರಿಸಿದರೆಂದು ಅಳೆದು ನೋಡಿದವರು ಹೇಳಿದ್ದಾರೆ. ತಡವಾಗಿ ಏಳಬಹುದೆಂದು ಅವರು ಇನ್ನೂ ತಡವಾಗಿ ಮಲಗಲಿಲ್ಲ. ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2022ರಿಂದ ಪ್ರೌಢಶಾಲೆಗಳು 8.30ಕ್ಕೆ ಮೊದಲು ತೆರೆಯದಂತೆ ಕಾನೂನೇ ಇದೆ. ನಮ್ಮ ಕಡೆ ಶಾಲೆಯ ಗಂಟೆ ಅಷ್ಟು ಬೇಗ ಹೊಡೆಯುವುದಿಲ್ಲ, ನಿಜ. ಆದರೆ ಅದಕ್ಕೆ ಮೊದಲೇ ಟ್ಯೂಷನ್ ಇದೆ, ಮದ್ರಸ ಇದೆ, ಒಳನಾಡಿನವರಿಗೆ ಮೊದಲ ಬಸ್ಸು ಇದೆ. ಬ್ರಾಹ್ಮೀಮುಹೂರ್ತದಲ್ಲಿ ಎದ್ದು ಓದಿದವನೇ ವಿದ್ಯಾರ್ಥಿಯೆಂಬ ಉಪದೇಶವೂ ಇದೆ. ಆ ಉಪದೇಶ ಕೊಡುವವರ ಕಾಲದಲ್ಲಿ ರಾತ್ರಿ ಎಂಟಕ್ಕೆ ಚಿಮಿಣಿ ಆರುತ್ತಿತ್ತೆಂಬುದನ್ನು ಯಾರೂ ಜೊತೆಗೆ ಹೇಳುವುದಿಲ್ಲ.

ಬೆಳಕಿನ ಪಾತ್ರ ಸಣ್ಣದಲ್ಲ. ಕಣ್ಣಿನ ಅಕ್ಷಿಪಟಲದಲ್ಲಿ, ನೋಡುವುದಕ್ಕಲ್ಲ, ದೇಹದ ಗಡಿಯಾರಕ್ಕೆ ಹೊತ್ತು ತಿಳಿಸುವುದಕ್ಕೆಂದೇ ಇರುವ ಕೋಶಗಳನ್ನು 2002ರಲ್ಲಿ ಗುರುತಿಸಲಾಯಿತು. ನೀಲಿ ಛಾಯೆಯ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಮೊಬೈಲಿನ ಪರದೆ ಆ ಕೋಶಗಳಿಗೆ ಇನ್ನೂ ಹಗಲೆಂದು ಹೇಳುತ್ತದೆ. ಪರದೆಯಲ್ಲಿ ನಡೆಯುವ ಹರಟೆ ಮನಸ್ಸಿಗೂ ಅದನ್ನೇ ಹೇಳುತ್ತದೆ. ಹಾಗಾದರೆ ಇರುಳಿಡೀ ಯಕ್ಷಗಾನ ನೋಡಿ ಬೆಳೆದ, ನೇಮ, ತೆಯ್ಯಗಳ ಕಾಲದಲ್ಲಿ ಬೆಳಗುವವರೆಗೆ ಕುಳಿತ ನಮ್ಮ ನಾಡಿನ ಮಕ್ಕಳು ಕೆಟ್ಟರೆ? ಕೆಡಲಿಲ್ಲ. ಚೌಕಿಯ ಬದಿಯಲ್ಲಿ ಚಾಪೆ ಹಾಸಿ ಅರ್ಧ ಆಟ ನಿದ್ರಿಸಿ, ಮಹಿಷಾಸುರನ ಅಬ್ಬರಕ್ಕೆ ಎಚ್ಚೆತ್ತು, ಮರುದಿನ ಮಧ್ಯಾಹ್ನದವರೆಗೆ ಮಲಗಿ ಸಾಲ ತೀರಿಸಿಕೊಳ್ಳುವ ಒಂದು ರಾತ್ರಿಗೂ, ತೀರಿಸುವ ಅವಕಾಶವೇ ಇಲ್ಲದೆ ವರ್ಷವಿಡೀ ಒಂದೊಂದು ಗಂಟೆ ಕಳೆದುಕೊಳ್ಳುವುದಕ್ಕೂ ಹೋಲಿಕೆಯಿಲ್ಲ.

ಈ ಪ್ರಾಯದಲ್ಲಿ ಮೊದಲು ಕಾಣಿಸಿಕೊಳ್ಳುವ ಇನ್ನೆರಡು ಸಂಗತಿಗಳಿವೆ. ಎಚ್ಚರವಾಗಿದೆ, ಕೈಕಾಲು ಆಡಿಸಲಾಗದು, ಎದೆಯ ಮೇಲೆ ಯಾರೋ ಕುಳಿತಂತೆ. ಕನಸಿನ ನಿದ್ದೆಯಲ್ಲಿ ಸ್ನಾಯುಗಳು ಸಡಿಲವಾಗಿರುವುದು ಸಹಜ. ಆ ಸಡಿಲಿಕೆ ಎಚ್ಚರದೊಳಕ್ಕೂ ಒಂದೆರಡು ನಿಮಿಷ ಮುಂದುವರಿದಾಗ ಹೀಗಾಗುತ್ತದೆ. ನಿದ್ದೆಗೆಟ್ಟವರಲ್ಲಿ ಇದು ಹೆಚ್ಚು, ಪ್ರಾಣಕ್ಕೆ ಭಯವಿಲ್ಲ. ಇನ್ನೊಂದು ಅಪರೂಪದ್ದು, ನಾರ್ಕೊಲೆಪ್ಸಿ: ಸಾಕಷ್ಟು ಮಲಗಿದ್ದರೂ ಹಗಲಿನಲ್ಲಿ ತಡೆಯಲಾಗದ ನಿದ್ದೆ, ಕೆಲವರಲ್ಲಿ ಜೋರಾಗಿ ನಕ್ಕಾಗ ಮೊಣಕಾಲು ಕುಸಿಯುವುದು. ಇದನ್ನು ನಾಟಕವೆಂದು ಗದರುವ ಮೊದಲು ವೈದ್ಯರಿಗೆ ತೋರಿಸಬೇಕು.

ಪರೀಕ್ಷೆಯ ಹಿಂದಿನ ರಾತ್ರಿಯ ಬಗೆಗೆ ಒಂದು ಹಳೆಯ ಪ್ರಯೋಗವನ್ನು ಹೇಳಬಹುದು. 1924ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಕಂಠಪಾಠ ಮಾಡಿಸಿ, ಒಮ್ಮೆ ನಿದ್ದೆಯ ಬಳಿಕ, ಒಮ್ಮೆ ಅಷ್ಟೇ ಹೊತ್ತು ಎಚ್ಚರವಿದ್ದ ಬಳಿಕ ಒಪ್ಪಿಸಲು ಹೇಳಿದರು. ನಿದ್ರಿಸಿದಾಗ ಉಳಿದ ನೆನಪು ಎಚ್ಚರವಿದ್ದಾಗಿನದಕ್ಕಿಂತ ಬಹಳ ಹೆಚ್ಚು. ಹಳಗನ್ನಡದ ಕಂದಪದ್ಯವನ್ನು ನಡುರಾತ್ರಿಯಲ್ಲಿ ಹತ್ತನೆಯ ಸಲ ಓದುವುದಕ್ಕಿಂತ ಐದು ಸಲ ಓದಿ ಮಲಗುವುದು ಲಾಭಕರ.

ಕೊನೆಗೆ, ಮಾಡಬಹುದಾದ ಒಂದು ಕೆಲಸ. ಮಕ್ಕಳ ನಿದ್ದೆಯ ತೊಂದರೆಯನ್ನು ನೋಡುವ ವೈದ್ಯರು ಮೊದಲು ಕೇಳುವುದು ಎರಡು ವಾರಗಳ ನಿದ್ದೆಯ ದಿನಚರಿಯನ್ನು. ಅದನ್ನು ಕನ್ನಡದಲ್ಲಿ ಸಿದ್ಧಪಡಿಸಿಕೊಡುವುದು ನಿಮ್ಮಿಂದ ಆಗದ್ದೇನಲ್ಲ. ದೀಪವಾರಿಸಿದ ಹೊತ್ತು, ನಿದ್ದೆ ಹತ್ತಿದ ಹೊತ್ತು, ನಡುವೆ ಎಷ್ಟು ಸಲ ಎಚ್ಚರ, ಗೊರಕೆಯುಂಟೆ, ಕನವರಿಕೆಯುಂಟೆ, ಬೆಚ್ಚಿಬಿದ್ದುದುಂಟೆ, ತಾನಾಗಿ ಎದ್ದದ್ದೋ ಎಬ್ಬಿಸಿದ್ದೋ, ಹಗಲಿನಲ್ಲಿ ತೂಕಡಿಕೆ ಎಷ್ಟು ಹೊತ್ತಿಗೆ. ಪಕ್ಕದಲ್ಲಿ ಮಗು ಮನೆಮಾತಿನಲ್ಲಿ ಆಡಿದ ಮಾತನ್ನು ಹಾಗೆಯೇ ಬರೆಯಲು ಒಂದು ಅಂಕಣವಿರಲಿ. ಶಾಲೆಯ ದಿನಗಳನ್ನೂ ರಜೆಯ ದಿನಗಳನ್ನೂ ಬೇರೆಬೇರೆಯಾಗಿಯೇ ಬರೆಯತಕ್ಕದ್ದು. ಎರಡರಲ್ಲಿ ಏಳುವ ಹೊತ್ತು ಎರಡು ಗಂಟೆಗಿಂತ ಹೆಚ್ಚು ಬೇರೆಯಾಗಿದ್ದರೆ, ಶಾಲೆಯ ದಿನಗಳಲ್ಲಿ ಆ ಮಗುವಿಗೆ ನಿದ್ದೆ ಸಾಲುತ್ತಿಲ್ಲವೆಂದೇ ತಿಳಿಯಬೇಕು.